ಕಸ್ತೂರೆವ್ವ ದೀಪ ಹೊರಲಿಲ್ಲ

ಕಸ್ತೂರೆವ್ವ ಬೈಯಲು ಸುರು ಮಾಡಿದಳೆಂದರೆ ಹೆರಿಗೆ ಹತ್ತಿರ ಬಂತೆಂದೇ ಅರ್ಥ. ಹುಬ್ಬಳ್ಳಿಯ ಅಗಸಿ ಓಣಿಯ ಗಂಡಸರು ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತು ಅವಳ ದನಿಯನ್ನೇ ಕಾಯುತ್ತಿದ್ದರು. ಒಳಗಿನಿಂದ, "ಬಸರಾಗೂ ಮುಂದ ಇಲ್ಲದ ನಾಚಿಕಿ ಈಗ ಎಲ್ಲಿಂದ ಬಂತವಾ ನಿನಗ? ಒದರು! ಹೊರಗ ಕುಂತಾನಲ್ಲ, ಆ ನಿನ್ನ ಗಂಡಗೂ ಕೇಳಲಿ!" ಎಂದು ಕೇಳಿಸಿದರೆ, ಗಂಡನೆಂಬವನು ಬೀಡಿ ಎಸೆದು ಎದ್ದು ನಿಲ್ಲುತ್ತಿದ್ದ.

ಕಸ್ತೂರೆವ್ವ ಗಿಡ್ಡ ಆಳು. ಅಗಲ ಅಂಗೈ. ಕೈಯಲ್ಲಿ ಒಂದು ಬಳೆಯೂ ಇಲ್ಲ. ಮುತ್ತೈದೆ ಬರಿಗೈಯಲ್ಲಿ ಬಾಣಂತಿ ಕೋಣೆಗೆ ಬರಬಾರದು ಎಂದು ಯಾರೋ ಅತ್ತೆ ತಕರಾರು ತೆಗೆದಾಗ, "ಬಳಿ ಹಾಕ್ಕೊಂಡು ಕೈ ಹಾಕಲೇನು? ಒಳಗ ಒಡದ್ರ ಆರಸಾಕ ನೀವ ಬರ್ರಿ" ಎಂದಿದ್ದಳು.

ಹುಟ್ಟಿದ್ದು ಅಮ್ಮಿನಬಾವಿಯ ಕೇರಿಯಲ್ಲಿ. ಅಪ್ಪ ಗಿರಿಯಪ್ಪ ಊರಿನ ಸತ್ತ ದನ ಹೊತ್ತವನು. ಐವತ್ತಾರರ ಬೌದ್ಧ ದೀಕ್ಷೆಯ ನಂತರ ಒಂದು ದಿನ ಮನೆಯ ದೇವರ ಜಗಲಿಯನ್ನು ತೊಳೆದು ಬುದ್ಧನ ಪಟ ಇಟ್ಟ. ದನ ಹೊರುವುದನ್ನೂ ಅಂದೇ ಬಿಟ್ಟ. ಊರು ಸಿಟ್ಟಾಯಿತು. ಅಪ್ಪ ಜಗ್ಗಲಿಲ್ಲ. ಮಗಳನ್ನು ಧಾರವಾಡಕ್ಕೆ ಕರೆದೊಯ್ದು ಸೂಲಗಿತ್ತಿ ತರಬೇತಿಗೆ ಹಚ್ಚಿದ. "ಸತ್ತದ್ದ ಹೊತ್ತದ್ದು ನನಗ ಸಾಕು. ನೀ ಹುಟ್ಟೂದ ಹಿಡಿ" ಎಂದನಂತೆ. ಅಲ್ಲಿ ಕಲಿತು, ಹುಬ್ಬಳ್ಳಿಯ ಗಿರಣಿ ಕೆಲಸಗಾರನೊಬ್ಬನನ್ನು ಮದುವೆಯಾಗಿ, ಐವತ್ತೊಂಬತ್ತರ ಹೊತ್ತಿಗೆ ಅವಳು ಇಲ್ಲಿನ ಹೆರಿಗೆ ಆಸ್ಪತ್ರೆಯಲ್ಲಿ ಕೆಲಸಕ್ಕೆ ನಿಂತಳು.

ಆದರೆ ಆಸ್ಪತ್ರೆಗೆ ಬರುವವರಾರು? ಆಗಿನ ಕೂಸುಗಳು ಹುಟ್ಟುತ್ತಿದ್ದದ್ದು ಮನೆಯಲ್ಲಿ. ಮನೆಗಳಿಗೆ ಬೇಕಾದದ್ದು ಗೊತ್ತಿದ್ದ ಕೈ. ಅಗಸಿ ಓಣಿಗೆ ಗೊತ್ತಿದ್ದ ಕೈ ಮಕ್ತುಮಬಿಯದು. ಅವಳ ತಾಯಿಯೂ ಹೆರಿಗೆ ಮಾಡಿಸುವ ದಾಯಿ, ಅಜ್ಜಿಯೂ ದಾಯಿ. ಗಂಡ ಗೌಸಮೊದ್ದೀನ ಟಾಂಗಾ ಹೊಡೆಯುತ್ತಿದ್ದ. ಓಣಿಯ ಅರ್ಧ ಜನರನ್ನು ಅವಳ ಮನೆಯ ಹೆಂಗಸರೇ ಹೊರಗೆಳೆದಿದ್ದರು. ಉಳಿದರ್ಧ ಜನ ಬೇರೆ ಊರಲ್ಲಿ ಹುಟ್ಟಿ ಬಂದವರು, ಅಷ್ಟೇ.

ಕಸ್ತೂರೆವ್ವನನ್ನು ಮೊದಲ ಸಲ ಓಣಿಯ ಮನೆಯೊಂದಕ್ಕೆ ಕರೆದೊಯ್ದವಳೂ ಅವಳೇ. ಅರಳೆ ವ್ಯಾಪಾರಿ ಸಿದ್ದಲಿಂಗಪ್ಪನ ಮನೆ. ಅವನ ಮಗಳು ಮೊದಲ ಹೆರಿಗೆಗೆ ತವರಿಗೆ ಬಂದಿದ್ದಳು. ಹಿತ್ತಲ ಬಾಗಿಲಲ್ಲಿ ಅವನ ಹೆಂಡತಿ ದಾನವ್ವ ಅಡ್ಡ ನಿಂತಳು.

"ಮಕ್ತುಮಬಿ, ಇಕಿ ಯಾರು? ಯಾರ ಪೈಕಿ?"

"ನನ್ನ ಪೈಕಿರಿ, ಅವ್ವಾರ."

"ನಿನ್ನ ಪೈಕಿ ಅಂದ್ರ? ಹಣಿ ಮ್ಯಾಲ ಕುಂಕಮ ಐತೆಲ್ಲ."

"ಹಡಸವ್ರ ಪೈಕಿ. ಬಂದ್ರ ಇಬ್ಬರೂ ಒಳಗ, ಇಲ್ಲಂದ್ರ ಇಬ್ಬರೂ ಹೊರಗ. ಲಗೂ ಹೇಳ್ರಿ, ನಿಮ್ಮ ಮಗಳ ನಮ್ಮನ್ನ ಕಾಯ್ತಾಳ, ಕೂಸ ಕಾಯೂದಿಲ್ಲ."

ದಾನವ್ವ ದಾರಿ ಬಿಟ್ಟಳು. ಕೂಸು ಹುಟ್ಟಿ, ಮನೆಗೆ ಹೊರಳುವಾಗ ಕಸ್ತೂರೆವ್ವ ಕೇಳಿದಳು: "ಅಕ್ಕಾ, ಬ್ಯಾಡ ಅಂದಿದ್ರ ಖರೇನ ಹೊರಗ ನಿಂದರತಿದ್ದೇನು?"

"ಹುಚ್ಚಿ! ಹಡಿಯಾಕಿನ್ನ ಬಿಟ್ಟು ನಿಂದರತಾರೇನು? ಸುಮ್ಮನ ಬಾಯಿ ಮಾಡಿದೆ. ಆ ಮುದುಕಿಗೇನು ಗೊತ್ತು?"

ಈ ಮಾತನ್ನು ಕಸ್ತೂರೆವ್ವ ಮರೆಯಲಿಲ್ಲ. ಮುಂದೆ ಆದದ್ದಕ್ಕೆಲ್ಲ ಇದೇ ಬೇರು.

ಇಲ್ಲಿ ಒಂದು ಪದ್ಧತಿಯನ್ನು ಹೇಳಬೇಕು. ನಮ್ಮ ಕಡೆ ಕೂಸು ಹುಟ್ಟಿದ ಐದನೆಯ ದಿನ ಶೆಟಗವ್ವ ಬಂದು ಅದರ ಹಣೆಬರಹ ಬರೆಯುತ್ತಾಳೆ ಎಂಬ ನಂಬಿಕೆ. ಅಂದು ಬಚ್ಚಲಲ್ಲಿ ಅವಳ ಪೂಜೆ. ಪೂಜೆ ಮಾಡುವವಳು ಪೂಜಾರಿಯಲ್ಲ, ಸೂಲಗಿತ್ತಿ. ಪೂಜೆ ಮುಗಿದ ಮೇಲೆ ಅಲ್ಲಿ ಹಚ್ಚಿದ ಪಣತಿಯನ್ನು ಮೊರದಲ್ಲಿಟ್ಟು, ಸೆರಗು ಮುಚ್ಚಿ, ಸೂಲಗಿತ್ತಿ ತನ್ನ ಮನೆಗೆ ಒಯ್ಯಬೇಕು. ಕೂಸನ್ನು ಹಿಡಿದ ಕೈಯೇ ದೀಪವನ್ನೂ ಹಿಡಿಯಬೇಕು, ಬೇರೆ ಕೈ ನಡೆಯದು. ದಾರಿಯಲ್ಲಿ ಆ ದೀಪ ಯಾರ ಕಣ್ಣಿಗೂ ಬೀಳಬಾರದು. ಬಿದ್ದರೆ ಕೂಸಿಗೆ ಕೇಡು. ಹೊತ್ತವಳು ಮಾತಾಡಬಾರದು. ಹೊತ್ತು ಮುಳುಗಿದ ಮೇಲೆ ಅವಳು ಹೊರಟಳೆಂದರೆ ಗೋಡೆಯಿಂದ ಗೋಡೆಗೆ ಹೆಂಗಸರು ಸುದ್ದಿ ಮುಟ್ಟಿಸುತ್ತಾರೆ. ಓಣಿಯ ಬಾಗಿಲುಗಳೆಲ್ಲ ಮುಚ್ಚುತ್ತವೆ. ಎದುರು ಬಂದವರು ಗೋಡೆಗೆ ಮುಖ ಮಾಡಿ ನಿಲ್ಲುತ್ತಾರೆ. ಮಕ್ತುಮಬಿಯ ತಾಯಿ, ಅಜ್ಜಿ ಹೀಗೇ ಹೊತ್ತಿದ್ದರು. ಮುಸಲ್ಮಾನರ ಹೆಂಗಸು ಶೆಟಗವ್ವನ ದೀಪ ಹೊರುವುದೇನು ಎಂದು ಯಾರಿಗೂ ಅನ್ನಿಸಿರಲಿಲ್ಲ. ಬುದ್ಧನ ಪಟದ ಮನೆಯ ಕಸ್ತೂರೆವ್ವನೂ ಹೊರುತ್ತಿದ್ದಳು. "ಹಡದಾಕಿ ಮನಸ್ಸಿಗೆ ಸಮಾಧಾನ ಆಗತೈತಿ, ಹಾಲು ಇಳೀತೈತಿ. ನನ್ನ ಗಂಟೇನು ಹೋಗತೈತಿ?" ಎನ್ನುವುದು ಅವಳ ಲೆಕ್ಕ.

ಇನ್ನೊಂದು ಕಟ್ಟಳೆಯೂ ಇತ್ತು. ಮನೆಯೊಳಗೆ ಕಂಡದ್ದನ್ನು ಸೂಲಗಿತ್ತಿ ಹೊರಗೆ ಆಡಬಾರದು. ಯಾರ ಮನೆಯ ಕೂಸು, ಯಾರ ಮನೆಯ ದೀಪ ಎಂದು ಕೇಳಿದರೂ ಬಾಯಿ ಬಿಡಬಾರದು. ಹೆಂಗಸರ ಮಾನ ನಿಂತದ್ದು ಆ ಮುಚ್ಚಿದ ಬಾಯಿಯ ಮೇಲೆ.

ಅರವತ್ತೈದರ ಸೆಪ್ಟೆಂಬರಿನಲ್ಲಿ ಯುದ್ಧ ಬಂತು. ಪಾಕಿಸ್ತಾನದ ವಿಮಾನಕ್ಕೆ ಹುಬ್ಬಳ್ಳಿಯ ದಾರಿ ಗೊತ್ತಿತ್ತೋ ಇಲ್ಲವೋ, ಅಗಸಿ ಓಣಿಯವರಂತೂ ಅದು ನಾಳೆಯೇ ಬರುತ್ತದೆ ಎಂದು ತಯಾರಾದರು. ಸಿದ್ದಲಿಂಗಪ್ಪ ಓಣಿಯ ರಕ್ಷಣಾ ಸಮಿತಿಯ ಮುಖ್ಯಸ್ಥನಾದ. ಹೊತ್ತು ಮುಳುಗಿದ ಮೇಲೆ ಬೀದಿಯಲ್ಲಿ ಬೀಡಿಯ ಕಿಡಿಯೂ ಕಾಣಬಾರದು ಎಂದು ಕಟ್ಟಪ್ಪಣೆ ಮಾಡಿದ. ಸೀಟಿ ಊದಿಕೊಂಡು ತಿರುಗಲು ಹರೆಯದವರು ಸಿಕ್ಕರು. ಅವರಲ್ಲಿ ಮುಂದಾಳು ಬಿಂದುಮಾಧವ ಮಾಸ್ತರ, ಓಣಿಗೆ ಹೊಸದಾಗಿ ಬಂದು ಬಾಡಿಗೆ ಕೋಣೆ ಹಿಡಿದಿದ್ದ ಸಾಲಿ ಮಾಸ್ತರ. ಮದುವೆಯಾಗಿರಲಿಲ್ಲ. ಮನೆಯಲ್ಲಿ ಹೆಂಗಸರಿಲ್ಲದ ಗಂಡಸಿಗೆ ಓಣಿಯ ಅರ್ಧ ವ್ಯವಹಾರ ತಿಳಿಯುವುದೇ ಇಲ್ಲ.

ಅದೇ ಹೊತ್ತಿಗೆ ಚಹಾದಂಗಡಿಯಲ್ಲಿ ಮಾತು ಹೊರಳಿತು. ಗೌಸಮೊದ್ದೀನನ ಟಾಂಗಾ ಹತ್ತಲು ಜನ ಹಿಂದೆಮುಂದೆ ನೋಡತೊಡಗಿದರು. "ಏನಪಾ ಗೌಸಮೊದ್ದೀನ, ನಿನ್ನ ಕುದರಿ ಯಾ ಕಡೆ?" ಎಂದು ಒಬ್ಬ ಕೇಳಿದರೆ, "ಹುಲ್ಲ ಹಾಕಿದವ್ರ ಕಡೆರಿ" ಎಂದು ಅವನು ನಗುತ್ತಿದ್ದ. ಮನೆಗೆ ಬಂದು ನಗುತ್ತಿರಲಿಲ್ಲ.

ಇಂಥದರಲ್ಲಿ ಸಿದ್ದಲಿಂಗಪ್ಪನ ಸೊಸೆ ಗಂಡು ಕೂಸು ಹಡೆದಳು. ನೋವು ದಿಢೀರನೆ ಬಂದಿತ್ತು. ಹತ್ತಿರ ಇದ್ದವಳು ಮಕ್ತುಮಬಿ. ಅವಳೇ ಹೋಗಿ ಹಿಡಿದಳು. ಐದನೆಯ ದಿನ ದಾನವ್ವ ಗಂಡನಿಗೆ ಹೇಳದೆ ಬಚ್ಚಲಲ್ಲಿ ಪೂಜೆಗೆ ಅಣಿ ಮಾಡಿದಳು. ಗಂಡಸರಿಗೆ ಹೇಳುವ ಪದ್ಧತಿ ಮೊದಲೂ ಇರಲಿಲ್ಲ. ಹೊತ್ತು ಮುಳುಗಿತು. ಮಕ್ತುಮಬಿ ಮೊರ ಎತ್ತಿ, ಸೆರಗು ಮುಚ್ಚಿ ಹೊರಟಳು. ಓಣಿಯ ಬಾಗಿಲುಗಳು ಮುಚ್ಚಿದವು. ಬೀದಿ ದೀಪಗಳೂ ಇಲ್ಲ. ಕತ್ತಲ ಓಣಿಯಲ್ಲಿ ಒಂದು ಸೆರಗು ಮಾತ್ರ ಒಳಗಿನಿಂದ ಕೆಂಪಗೆ ಹೊಳೆಯುತ್ತ ನಡೆಯಿತು.

ಮೂಲೆಯಲ್ಲಿ ಬಿಂದುಮಾಧವ ಮಾಸ್ತರ ನಿಂತಿದ್ದ.

"ಯಾರದು? ಏನದ ಸೆರಗಿನ್ಯಾಗ?"

ಉತ್ತರವಿಲ್ಲ. ಸೀಟಿ ಊದಿದ. ಪೇಟೆ ಕಡೆಯ ಇನ್ನಿಬ್ಬರು ಹರೆಯದವರು ಓಡಿ ಬಂದರು.

"ಮಾಸ್ತರ್ರ, ಸಾಬರ ದಾಯಿ ಇಕಿ!"

"ಸೆರಗ ತಗೀರಿ. ದೀಪ ಎಲ್ಲಿಗೆ ಒಯ್ಯಾಕತ್ತೀರಿ? ಮಾಳಿಗಿ ಮ್ಯಾಲ ಇಡ್ತೀರೇನು? ವಿಮಾನಕ್ಕ ತೋರಸ್ತೀರೇನು?"

ಒಂದು ಮಾತು ಆಡಿದ್ದರೆ ಮುಗಿದಿತ್ತು. ಅವಳು ಆಡಲಿಲ್ಲ. ಸೆರಗು ಸರಿಸಿದ್ದರೂ ಮುಗಿದಿತ್ತು. ಸರಿಸಲಿಲ್ಲ. ಗಾಳಿಗೆ ಉರಿ ವಾಲಿತೆಂದು ಮೊರವನ್ನು ಎದೆಗೆ ಇನ್ನಷ್ಟು ಒತ್ತಿ ಹಿಡಿದಳು. ಬಟ್ಟೆ ಕಮರಿದ ವಾಸನೆ ಬಂತು. ಹೆಂಗಸಿನ ಮೈ ಮುಟ್ಟಲು ಅವರಿಗೆ ಧೈರ್ಯವಿಲ್ಲ, ದಾರಿ ಬಿಡಲು ಮನಸ್ಸಿಲ್ಲ. ಸುತ್ತ ಅಷ್ಟು ಮನೆಗಳಿದ್ದವು, ಅಷ್ಟು ಹೆಂಗಸರು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದರು. ದೀಪ ದಾರಿಯಲ್ಲಿರುವಾಗ ಬಾಗಿಲು ತೆರೆಯಬಾರದಲ್ಲ! ದಾನವ್ವನೂ ತೆರೆಯಲಿಲ್ಲ. ಕೊನೆಗೆ ಮಕ್ತುಮಬಿಯೇ ನೇರ ಅವರ ಮೇಲೆ ನಡೆದುಬಂದಳು. ಸರಿಯುವುದು ಅವರಿಗೇ ಅನಿವಾರ್ಯವಾಯಿತು. ಅವಳ ಮನೆಯ ತನಕ ಹಿಂದೆ ಬಂದು, ಅವಳು ಅಗಳಿ ಹಾಕಿಕೊಂಡ ಮೇಲೆ ಹೊರಗೆ ನಿಂತು ಒದರಿದರು.

ಮರುದಿನ ಪೊಲೀಸ್ ಚೌಕಿಯ ಫೌಜದಾರ ಬಂದ. ಯಾರ ಮನೆಯಿಂದ ದೀಪ ತಂದೆ ಎಂದು ಕೇಳಿದ. "ಕೆಲಸದ ಮನೀದರಿ" ಎಂದಳು. ಯಾರ ಮನೆ? ಸುಮ್ಮನಾದಳು. ಅವನು ಹೆಚ್ಚು ಬೆದರಿಸಲಿಲ್ಲ. ಯುದ್ಧ ಮುಗಿಯುವ ತನಕ ಹೊತ್ತು ಮುಳುಗಿದ ಮೇಲೆ ಮನೆ ಬಿಟ್ಟು ಹೊರಗೆ ಬರಬೇಡ ಎಂದು ತಾಕೀತು ಮಾಡಿ ಹೋದ. ಅವನಿಗೆ ಅದು ಸಣ್ಣ ಮಾತು. ಆದರೆ ಕೂಸುಗಳು ಫೌಜದಾರನನ್ನು ಕೇಳಿ ಹುಟ್ಟುವುದಿಲ್ಲ. ಸಂಜೆಯ ನಂತರ ಹೊರಬರಲಾಗದ ಸೂಲಗಿತ್ತಿಯನ್ನು ಯಾರು ಕರೆಯುತ್ತಾರೆ? ಸಾಲದ್ದಕ್ಕೆ, ಅವಳು ವಿಮಾನಕ್ಕೆ ಸನ್ನೆ ಮಾಡಿದಳು ಎಂಬ ಸುದ್ದಿ ಮಧ್ಯಾಹ್ನದೊಳಗೆ ಅರಳೆ ಪೇಟೆ ಮುಟ್ಟಿತ್ತು. ಸಂಜೆಯೊಳಗೆ ವಿಮಾನವೂ ಬಂದು ಹೋಗಿತ್ತು, ನೋಡಿದವರೂ ಸಿಕ್ಕಿದ್ದರು.

ಸಿದ್ದಲಿಂಗಪ್ಪನಿಗೆ ಅಂದು ರಾತ್ರಿಯೇ ಹೆಂಡತಿಯಿಂದ ನಿಜ ಗೊತ್ತಾಗಿತ್ತು. ಓಣಿಗೆಲ್ಲ ದೀಪ ಆರಿಸಲು ಹೇಳಿದವನ ಮನೆಯಿಂದಲೇ ದೀಪ ಹೊರಬಿದ್ದಿತ್ತು. ಅದನ್ನು ಯಾವ ಬಾಯಿಂದ ಹೇಳಿಯಾನು? "ತಗದ್ಯಂದ್ರ ನೋಡು ಬಾಯಿ" ಎಂದು ಹೆಂಡತಿಗೆ ಗದರಿ ಸುಮ್ಮನಾಗಿಬಿಟ್ಟ.

ಕಸ್ತೂರೆವ್ವ ಆಸ್ಪತ್ರೆಯಿಂದ ಮುಲಾಮು, ಬಟ್ಟೆ ತಂದು ಮಕ್ತುಮಬಿಯ ಮನೆಗೆ ಹೋದಳು. ಮೊಣಕೈಯಿಂದ ಅಂಗೈ ತನಕ ಚರ್ಮ ಬೊಬ್ಬೆ ಎದ್ದಿತ್ತು. ಮೂಲೆಯಲ್ಲಿ ಟ್ರಂಕು ಕಟ್ಟಿ ಇಟ್ಟಿತ್ತು.

"ಇದೇನಿದು?"

"ಸವಣೂರಿಗೆ ಹೊಂಟೇವಿ," ಎಂದ ಗೌಸಮೊದ್ದೀನ. "ಮಗಳು ಅಬೀದಾ ಅಲ್ಲಿ ಅದಾಳ. ಕುದರಿ ಮಾರಿದ್ರಾತು."

"ಕುದರಿ ಮಾರ್ರಿ, ಬ್ಯಾಡ ಅನ್ನೂದಿಲ್ಲ. ಇಕಿ ಕೈ ಯಾರಿಗೆ ಮಾರತೀರಿ?"

ಮಕ್ತುಮಬಿ ನಕ್ಕಳು. "ಸುಟ್ಟ ಕೈ ಯಾರ ತಗೋತಾರವಾ?"

"ಅಕ್ಕಾ, ಯಾರ ಮನಿ ದೀಪ ಅಂತ ಹೇಳಿಬಿಡು. ಒಂದ ಮಾತು."

"ನಿನಗ ಗೊತ್ತೈತಿ."

"ನನಗ ಗೊತ್ತಿದ್ರ ಏನಾತು? ಫೌಜದಾರಗ ಹೇಳು."

"ನೀ ಹೇಳತಿದ್ದೇನು?"

ಕಸ್ತೂರೆವ್ವ ಬಟ್ಟೆ ಸುತ್ತುವುದನ್ನು ನಿಲ್ಲಿಸಿದಳು. ಹೇಳುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಒಂದು ಸಲ ಒಂದು ಮನೆಯ ಮಾತು ಆಡಿದ ಬಾಯಿಯನ್ನು ಯಾವ ಮನೆಯೂ ಮತ್ತೆ ಒಳಗೆ ಬಿಡುವುದಿಲ್ಲ. ಬಿಡಲೂಬಾರದು.

"ಹಂಗಂದ್ರ ಆ ಮನಿಯವ್ರ ಬಾಯಿಂದನ ಬರಬೇಕು," ಎಂದಳು ಕಸ್ತೂರೆವ್ವ. "ನೀ ಟ್ರಂಕ ಬಿಚ್ಚಬ್ಯಾಡ, ಆದರ ಹೊರಡಲೂಬ್ಯಾಡ. ತಡಿ ಸ್ವಲ್ಪ."

ಮರುದಿನ ಆಸ್ಪತ್ರೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಆ ಭಾಗದ ಸೂಲಗಿತ್ತಿಯರು ಕೂಡಿದರು. ಆಸ್ಪತ್ರೆಯ ಪಗಾರದವರೂ ಇದ್ದರು, ಮನೆಮನೆಗೆ ಹೋಗುವ ಹಳಬರೂ ಇದ್ದರು. ಎಲ್ಲರಿಗೂ ಹಿರಿಯಳು ಕಾಳವ್ವ. ಬಾಯಲ್ಲಿ ಹಲ್ಲಿರಲಿಲ್ಲ, ನಾಲಿಗೆ ಇತ್ತು.

"ಏನ್ ಮಾಡೂದಂತೀ ಕಸ್ತೂರಿ? ಗಿರಣಿಯವ್ರಂಗ ಸಂಪ ಹೂಡೂದೇನು? ಹಡಿಯಾಕಿ ಒದರತಿರತಾಳ, ನಾವು ಬಾಗಲದಾಗ ಜಿಂದಾಬಾದ್ ಅನಕೋಂತ ನಿಂದರೂದೇನು?"

ಕೆಲಸ ನಿಲ್ಲಿಸಿದರೆ ಪೆಟ್ಟು ಯಾರಿಗೆ ಬೀಳುತ್ತದೆ ಎನ್ನುವುದು ಪ್ರತಿ ಮುಷ್ಕರದ ಮೊದಲ ಪ್ರಶ್ನೆ. ನಮ್ಮ ಸಂಘಟನೆಗಳು ಎಷ್ಟೋ ಸಲ ಅದನ್ನು ಕೇಳಿಕೊಳ್ಳದೆ ಗೇಟಿನ ಮುಂದೆ ಕೂತು, ಕೊನೆಗೆ ತಲೆ ತಗ್ಗಿಸಿ ಎದ್ದುಬಂದಿವೆ. ಕಾಳವ್ವ ಅದನ್ನೇ ಮೊದಲು ಕೇಳಿದಳು. ಕಸ್ತೂರೆವ್ವನ ಹತ್ತಿರ ಉತ್ತರ ಇತ್ತು.

"ಹಡಸೂದು ಬಿಡೂದಿಲ್ಲ. ಹೊಕ್ಕಳಾ ಕೊಯ್ಯೂದು, ಕೂಸಿಗೆ ಎರಿಯೂದು, ಬಾಣಂತಿ ಹೊಟ್ಟಿ ಕಟ್ಟೂದು, ಯಾವುದೂ ಬಿಡೂದಿಲ್ಲ. ಕರದ್ರ ಮಳ್ಯಾಗೂ ಹೋಗೂಣು. ದೀಪ ಒಂದ ಬಿಡೂಣು. ಮೊದಲ ಮಕ್ತುಮಬಿ ದೀಪ ಹೊರಬೇಕು, ಆಮ್ಯಾಲ ನಾವು. ಅಲ್ಲೀತನಕ ಯಾರ ಮನಿ ದೀಪ ಅವ್ರ ಬಚ್ಚಲದಾಗ ಇರಲಿ."

ಕಾಳವ್ವ ಬಾಯಲ್ಲಿನ ಎಲೆ ಉಗುಳಿದಳು. "ಕೂಸಿಗೆ ಏನೂ ಆಗೂದಿಲ್ಲಲ್ಲ?"

"ನಮ್ಮಪ್ಪ ಜಗಲಿ ತೊಳದಮ್ಯಾಗ ನಮ್ಮ ತಮ್ಮ ಹುಟ್ಟಿದ. ದೀಪ ಇಲ್ಲ, ಶೆಟಗವ್ವ ಇಲ್ಲ. ಈಗ ಹೋರಿಗತೆ ಅದಾನ."

"ಹಣಿಬರಹ?"

"ಓದಾಕತ್ತಾನ. ತಾನ ಬರಕೋತಾನ."

ಹೆಂಗಸರು ನಕ್ಕರು. ಒಪ್ಪಿದರು. ಒಪ್ಪಿದ್ದು ಸಣ್ಣ ವಿಷಯವಲ್ಲ. ಅವರಲ್ಲಿ ಹಲವರಿಗೆ ಶೆಟಗವ್ವನ ಭಯ ಬೆನ್ನುಹುರಿಯಲ್ಲೇ ಇತ್ತು.

ಸಿದ್ದಲಿಂಗಪ್ಪನ ಸಮಿತಿ ಬಂದೂಕು, ಬಾಂಬುಗಳಿಗೆ ತಯಾರಾಗಿತ್ತು, ಇದಕ್ಕೆ ತಯಾರಿರಲಿಲ್ಲ. ಮೊದಲು ನೇಕಾರರ ಮನೆಯೊಂದರಲ್ಲಿ ಐದನೆಯ ದಿನ ಬಂತು. ಕಾಳವ್ವ ಕೂಸಿಗೆ ಎರೆದು, ಪೂಜೆ ಮಾಡಿ, ಪಣತಿ ಹಚ್ಚಿ, ಕೈ ಒರೆಸಿಕೊಂಡು ಹೊರಟಳು. "ಕಾಳವ್ವಾ, ದೀಪ?" "ಇರಲಿ. ನನ್ನ ಪಾಳಿ ಬಂದಿಲ್ಲ." ಆಮೇಲೆ ಇನ್ನೊಂದು ಮನೆ, ಆಮೇಲೆ ಮತ್ತೊಂದು. ಸಿದ್ದಲಿಂಗಪ್ಪನ ತಮ್ಮನ ಮನೆಯಲ್ಲೂ ಒಂದು ದೀಪ ಕೂತಿತು. ಅದು ಕಸ್ತೂರೆವ್ವನೇ ಹಡಿಸಿದ ಕೂಸು.

ಈಗ ತೊಡಕು ನೋಡಿ. ಸೂಲಗಿತ್ತಿಯ ಮನೆ ಮುಟ್ಟುವ ತನಕ ಹಚ್ಚಿದ ದೀಪವನ್ನು ಆರಗೊಡುವಂತಿಲ್ಲ. ಮನೆಯ ಹೆಂಗಸರು ಪಾಳಿ ಹಚ್ಚಿ ಎಣ್ಣೆ ಹಾಕಬೇಕು. ದೀಪ ಕೂತದ್ದು ಬಚ್ಚಲಲ್ಲಿ. ಅದನ್ನು ಗಂಡಸರು ನೋಡಬಾರದು. ಹಾಗಾಗಿ ಗಂಡಸರಿಗೆ ಬಚ್ಚಲು ಬಂದ್. ಮೊದಲ ದಿನ ಅವರು ಬೈದರು. ಆಮೇಲೆ ಕೈಕಾಲು ತೊಳೆದುಕೊಂಡು ಪೇಟೆಗೆ ಹೋದರು. ಮಳೆ ಮುಗಿದು ಬಿಸಿಲು ಬಿದ್ದಿತ್ತು. ಅರಳೆಯ ಧೂಳು, ಬೆವರು. ಅಂಗಡಿಯ ಗಾದಿಯ ಮೇಲೆ ಪಕ್ಕದವರು ಸರಿದು ಕೂಡತೊಡಗಿದರು. ಲಿಂಗಪೂಜೆಗೆ ಸ್ನಾನ ಬೇಕು, ಸ್ನಾನಕ್ಕೆ ಬಚ್ಚಲಿಲ್ಲ. ಬಾವಿಯ ಕಟ್ಟೆಯ ಮೇಲೆ ಪಂಚೆ ಉಟ್ಟು ತಣ್ಣೀರು ಸುರಿದುಕೊಂಡ ಒಬ್ಬನಿಗೆ ನೆಗಡಿ ಹಿಡಿಯಿತು. ಕದನವಿರಾಮದ ಸುದ್ದಿ ರೇಡಿಯೋದಲ್ಲಿ ಬಂತು. ಸಮಿತಿಯ ಸೀಟಿ ನಿಲ್ಲಲಿಲ್ಲ, ಮಕ್ತುಮಬಿಯ ಮೇಲಿನ ತಾಕೀತೂ ಹೋಗಲಿಲ್ಲ, ಬಚ್ಚಲ ದೀಪಗಳೂ ಕದಲಲಿಲ್ಲ.

ಕೊನೆಗೆ ಸಿದ್ದಲಿಂಗಪ್ಪ ಆಸ್ಪತ್ರೆಯ ಅಂಗಳಕ್ಕೆ ಬಂದ. ಕಸ್ತೂರೆವ್ವ ಬಿಸಿನೀರಿನ ಹಂಡೆಯ ಹತ್ತಿರ ನಿಂತಿದ್ದಳು.

"ಏ ಕಸ್ತೂರೆವ್ವ, ಏನಿದು ನಿಮ್ಮ ಆಟ? ನಮ್ಮ ತಮ್ಮನ ಮನಿ ದೀಪ ಯಾವಾಗ ಒಯ್ತೀ?"

"ಮಕ್ತುಮಬಿ ಒಂದ ಒಯ್ದ ಮ್ಯಾಲರಿ, ಸಾವಕಾರ್ರ."

"ಆಕಿ ಮ್ಯಾಲ ಸರಕಾರದ ಕಣ್ಣೈತಿ."

"ಸರಕಾರಕ್ಕ ಕಣ್ಣು ಕೊಟ್ಟವ್ರು ಯಾರು?"

ಅವನು ಆ ಕಡೆ ಈ ಕಡೆ ನೋಡಿದ. ದನಿ ತಗ್ಗಿಸಿದ. "ಅಲ್ಲ, ನೀ ಬುದ್ಧನ್ನ ನಡಕೊಳ್ಳಾಕಿ. ನಿನಗ ಈ ಶೆಟಗವ್ವ ಯಾಕ ಬೇಕು?"

"ನನಗ ಬ್ಯಾಡ್ರಿ. ಬೇಕಾದವ್ರು ನೀವು."

"ನೌಕರಿ ಕಳಕೋತೀ, ನೋಡು."

"ಹಡಸೂದು ನನ್ನ ನೌಕರಿ. ಅದನ್ನ ಬಿಟ್ಟೇನೇನು? ಹೋಗಿ ದೊಡ್ಡ ಡಾಕ್ಟರಬಾಯಿಗೆ ಕೇಳ್ರಿ. ಕಸ್ತೂರೆವ್ವ ಶೆಟಗವ್ವನ ದೀಪ ಹೊರವಲ್ಲಳು, ಆಕಿನ್ನ ತಗದುಹಾಕ್ರಿ ಅಂತ ಅರ್ಜಿ ಕೊಡ್ರಿ. ಆಕಿ ಕ್ರಿಶ್ಚಿಯನ್ರಾಕಿ. ಶೆಟಗವ್ವ ಯಾರಂತ ಮೊದಲ ಆಕಿಗೆ ತಿಳಿಸಿ ಹೇಳಬೇಕಾಗತೈತಿ ನೀವು."

ನೀರು ಕಾಯಿಸುತ್ತಿದ್ದ ಆಯಾ ಮುಖ ತಿರುಗಿಸಿಕೊಂಡು ನಕ್ಕಳು. ಸಿದ್ದಲಿಂಗಪ್ಪ ಹೋಗುತ್ತಿದ್ದಾಗ ಕಸ್ತೂರೆವ್ವ ಹಿಂದಿನಿಂದ ಒಂದೇ ಮಾತು ಸೇರಿಸಿದಳು. "ಸಾವಕಾರ್ರ, ನಮ್ಮ ಬಾಯಾಗಿಂದ ಯಾರ ಮನಿ ಹೆಸರೂ ಬರೂದಿಲ್ಲ. ಅದರ ಚಿಂತಿ ಮಾಡಬ್ಯಾಡ್ರಿ." ಹೆದರಿಸಿದ್ದರೆ ಅವನು ಎದುರು ನಿಲ್ಲುತ್ತಿದ್ದ. ಈ ಮಾತಿಗೆ ತಲೆ ತಗ್ಗಿಸಿ ಅಂಗಳ ದಾಟಿದ.

ಇತ್ತ ದಾನವ್ವನಿಗೆ ಬೇರೆಯದೇ ಸಂಕಟ ಕೊರೆಯುತ್ತಿತ್ತು. ಅಂದು ದಾರಿಯಲ್ಲಿ ಅಷ್ಟು ಗದ್ದಲವಾಯಿತು. ಯಾರಾದರೂ ದೀಪ ನೋಡಿದರೇ? ದೀಪ ಆರಿತೇ? ಆರಿದ್ದರೆ ಮೊಮ್ಮಗನ ಗತಿಯೇನು? ಕೂಸು ಸೀನಿದರೂ ಅವಳು ತೊಟ್ಟಿಲಿಗೆ ಓಡುತ್ತಿದ್ದಳು. ಒಂದು ಮುಂಜಾನೆ ತಡೆಯದೆ, ಸೆರಗು ಹೊದ್ದು, ಹಿತ್ತಲ ದಾರಿಯಿಂದ ಮಕ್ತುಮಬಿಯ ಮನೆಗೆ ಬಂದಳು. ಅಷ್ಟು ವರ್ಷಗಳಲ್ಲಿ ಅವಳು ಆ ಹೊಸ್ತಿಲು ತುಳಿದದ್ದು ಅದೇ ಮೊದಲು. ಕಸ್ತೂರೆವ್ವ ಅಲ್ಲೇ ಕೂತು ಗಾಯದ ಬಟ್ಟೆ ಬದಲಿಸುತ್ತಿದ್ದಳು.

ದಾನವ್ವ ಕೂಡಲಿಲ್ಲ. ನಿಂತೇ ಕೇಳಿದಳು. "ಮಕ್ತುಮಬಿ, ಖರೇ ಹೇಳು. ಅವತ್ತ ದೀಪ ಆರಿತೇನು?"

ಮಕ್ತುಮಬಿ ಕೈ ಮುಂದೆ ಹಿಡಿದಳು. ಬಟ್ಟೆ ಬಿಚ್ಚಿತ್ತು. ಕೆಂಪು ಮಾಂಸ ಕಾಣುತ್ತಿತ್ತು.

"ನೋಡ್ರಿ ಅವ್ವಾರ. ಆರಿದ ದೀಪ ಹಿಂಗ ಸುಡತೈತೇನು?"

ದಾನವ್ವ ನೋಡಿದಳು. "ಮನಿ ಮುಟ್ಟಿತು?"

"ಮುಟ್ಟಿತು. ಎಣ್ಣಿ ತೀರೂತನಕ ನನ್ನ ಗೂಡಿನ್ಯಾಗ ಉರೀತು. ಯಾರೂ ನೋಡಲಿಲ್ಲ. ನಿಮ್ಮ ಕೂಸಿಗೆ ಏನೂ ಆಗೂದಿಲ್ಲ."

ಮುದುಕಿ ಅಳುತ್ತಾಳೆ ಎಂದು ಕಸ್ತೂರೆವ್ವ ಎಣಿಸಿದ್ದಳು. ಅವಳು ಅಳಲಿಲ್ಲ. ಅವಳ ಕಣ್ಣು ಮೂಲೆಯ ಟ್ರಂಕಿಗೆ ಹೋಯಿತು, ಮತ್ತೆ ಕೈಗೆ ಬಂತು.

"ನಮ್ಮ ಮನಿ ಹೆಸರ ಯಾಕ ಹೇಳಲಿಲ್ಲ ನೀನು?"

"ಹೇಳಿದ್ರ ನೀವು ಮತ್ತ ಕರೀತಿದ್ರೇನು?"

"ಇಲ್ಲ," ಎಂದಳು ದಾನವ್ವ. ಸುಳ್ಳು ಹೇಳುವ ಹೆಂಗಸಲ್ಲ ಅವಳು. ಹೊರಡುವಾಗ ಮುಂಬಾಗಿಲಿಂದಲೇ ಹೊರಟಳು, ಬೀದಿಯವರೆಲ್ಲ ನೋಡುವಂತೆ.

ಅಂದು ಸಂಜೆ ಸಮಿತಿಯವರು ಸಿದ್ದಲಿಂಗಪ್ಪನ ಪಡಸಾಲೆಯಲ್ಲಿ ಕೂತಿದ್ದರು. ಬಿಂದುಮಾಧವ ಮಾಸ್ತರನೂ ಇದ್ದ. ಗಂಡಸರ ಸಭೆಗೆ ದಾನವ್ವ ಯಾವತ್ತೂ ಬಂದವಳಲ್ಲ. ಅಂದು ಬಂದಳು, ಮೊಮ್ಮಗನನ್ನು ಎತ್ತಿಕೊಂಡು.

"ಮಾಸ್ತರ್ರ, ಅವತ್ತ ನೀವು ಹಿಡದ ದೀಪ ನಮ್ಮ ಮನೀದು. ಈ ಕೂಸಿಂದು."

"ಒಳಗ ನಡಿ," ಎಂದ ಸಿದ್ದಲಿಂಗಪ್ಪ.

"ಹೋಗತೇನಿ. ಹೇಳಿ ಹೋಗತೇನಿ. ನಿಮಗ ಅವತ್ತ ರಾತ್ರಿನ ಗೊತ್ತಿತ್ತು. ನನಗೂ ಗೊತ್ತಿತ್ತು. ಇಬ್ಬರೂ ಬಾಯಿ ಮುಚಗೊಂಡ ಕುಂತ್ವಿ. ಆಕಿ ಕೈ ಸುಟಗೊಂಡಾಳ ಈ ಕೂಸಿನ ಸಲವಾಗಿ. ನಾಳೆ ಹೊತ್ತ ಮುಳುಗಿದ ಮ್ಯಾಲ ನಮ್ಮ ಮನಿ ದೀಪ ಹೊಳ್ಳಿ ಹೊರಸ್ತೀನಿ, ಆಕಿ ಕಡೆಯಿಂದನ, ಅದ ದಾರ್ಯಾಗ. ಫೌಜದಾರಗ ನೀವ ಹೋಗಿ ಹೇಳಿ ಬರ್ರಿ. ಇಲ್ಲಂದ್ರ ನಾ ಹೋಗತೇನಿ."

ಮಾಸ್ತರನೇ ಮೊದಲು ಬಾಯಿ ಬಿಟ್ಟ. "ಅದು... ಕೂಸಿನ ದೀಪ ಇತ್ತೇನ್ರಿ? ನನಗ ಯಾರೂ ಹೇಳಲೇ ಇಲ್ಲಲ್ರಿ."

"ಹೇಳೂದಲ್ಲ ಅದು," ಎಂದಳು ದಾನವ್ವ, ಒಳಗೆ ಹೋದಳು.

ಸಿದ್ದಲಿಂಗಪ್ಪ ಮರುದಿನ ಬೆಳಿಗ್ಗೆ ಚೌಕಿಗೆ ಹೋಗಿ ಬಂದ. ಏನು ಹೇಳಿದನೋ ಯಾರಿಗೂ ತಿಳಿಯದು. ಮಕ್ತುಮಬಿಯ ಮೇಲಿನ ತಾಕೀತು ಹೋಯಿತು. ಅವಳು ಟ್ರಂಕು ಬಿಚ್ಚಿದಳು. ಸುಟ್ಟ ಸೀರೆ ಉಟ್ಟು ದೀಪ ಹೊರುವಂತಿರಲಿಲ್ಲ. ಸವಣೂರಿಗೆ ಹೋಗಬೇಕಿದ್ದ ಹಸಿರು ಸೀರೆ ಹೊರಗೆ ಬಂತು. ಗೌಸಮೊದ್ದೀನ ಕುದುರೆಗೆ ಹುಲ್ಲು ಹಾಕಲು ಹೋದ.

ಹೊತ್ತು ಮುಳುಗಿತು. ಕಸ್ತೂರೆವ್ವ ಓಣಿಯ ಮೂಲೆಗೆ ಬಂದು ನಿಂತಳು. ಅಂದು ಸೀಟಿ ಊದಿದ ಜಾಗವೇ ಅದು. ಬಿಂದುಮಾಧವ ಮಾಸ್ತರ ಆಗಲೇ ಅಲ್ಲಿದ್ದ, ಕೈಕಟ್ಟಿಕೊಂಡು.

"ನಾ ಏನ ಮಾಡಬೇಕ್ರಿ ಕಸ್ತೂರೆವ್ವಾರ?"

"ಗ್ವಾಡಿಗೆ ಮಖಾ ಮಾಡ್ರಿ."

ಅವನು ಮಾಡಿದ. ಕಸ್ತೂರೆವ್ವನೂ ಅವನ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿದಳು.

"ನೀವೂ ಇದನ್ನ ನಂಬತೀರೇನ್ರಿ?"

"ಇಲ್ಲ."

"ಮತ್ತ?"

"ಆಕಿ ನಂಬತಾಳ. ಸುಮ್ಮನ ನಿಂದರ್ರಿ."

ಸಿದ್ದಲಿಂಗಪ್ಪನ ಮನೆಯ ಹಿತ್ತಲ ಬಾಗಿಲು ಕಿರುಗುಟ್ಟಿತು. ಗೋಡೆಯಿಂದ ಗೋಡೆಗೆ ಹೆಂಗಸರ ಪಿಸುಮಾತು ಹರಿಯಿತು. ಮೊದಲ ಮನೆಯ ಬಾಗಿಲು ಮುಚ್ಚಿತು, ಅಗಳಿ ಬಿತ್ತು. ಆಮೇಲೆ ಎದುರಿನ ಮನೆ, ಅದರಾಚೆಯ ಮನೆ. ಒಂದು ತಿಂಗಳಿಂದ ಮಕ್ತುಮಬಿಯನ್ನು ಕಂಡು ಮುಚ್ಚುತ್ತಿದ್ದ ಬಾಗಿಲುಗಳೇ ಅವು. ಇಂದು ಹೊಸ್ತಿಲ ಮುಂದೆ ನೀರು ಚಿಮುಕಿಸಿ ಮುಚ್ಚುತ್ತಿದ್ದರು. ಚಪ್ಪಲಿ ಇಲ್ಲದ ಹೆಜ್ಜೆಗಳ ಸದ್ದು ನಿಧಾನಕ್ಕೆ ಹತ್ತಿರ ಬಂತು. ಎಣ್ಣೆಯ ವಾಸನೆ ಬೆನ್ನ ಹಿಂದೆ ಹಾಯ್ದಿತು. ಗೋಡೆಯ ಮೇಲೆ ಒಂದು ಕ್ಷಣ ಕೆಂಪು ಬೆಳಕು ಆಡಿ ಹೋಯಿತು.

"ಹೋದರೇನ್ರಿ?" ಎಂದು ಮಾಸ್ತರ ಪಿಸುಗುಟ್ಟಿದ.

"ತಿರಗಬ್ಯಾಡ್ರಿ ಮಾಸ್ತರ್ರ. ಆಕಿಗೆ ಮೊಣಕಾಲ ಬ್ಯಾನಿ ಐತಿ. ಸಾವಕಾಶ ಹೋಗತಾಳ."

ದೂರದಲ್ಲಿ ಮಕ್ತುಮಬಿಯ ಮನೆಯ ಅಗಳಿ ಬಿದ್ದ ಮೇಲೆ ಇಬ್ಬರೂ ತಿರುಗಿದರು. ಕಾಳವ್ವ ಆ ಕಡೆಯ ಓಣಿಯಲ್ಲಿ ಮೊರ ಹಿಡಿದು ಕಾಯುತ್ತಿದ್ದಳು. ಅವಳು ಹೊರಟಳು. ಆಮೇಲೆ ಉಳಿದವರು ಒಬ್ಬೊಬ್ಬರಾಗಿ ಹೊರಟರು. ಕೊನೆಗೆ ಕಸ್ತೂರೆವ್ವ ಸೆರಗು ಸರಿಪಡಿಸಿಕೊಂಡು ಸಿದ್ದಲಿಂಗಪ್ಪನ ತಮ್ಮನ ಮನೆಯ ಕಡೆ ನಡೆದಳು, ತನ್ನ ಪಾಲಿನ ದೀಪ ತರಲು.

ಮರುದಿನ ಬೆಳಿಗ್ಗೆ ಅಗಸಿ ಓಣಿಯ ಗಂಡಸರೆಲ್ಲ ಬಿಸಿನೀರಿನಲ್ಲಿ ಸ್ನಾನ ಮಾಡಿದರು.